ಲಕ್ಷ್ಮಣರಾವ್ ಕಿರ್ಲೋಸ್ಕರ್

ತುಂಗಭದ್ರೆಯ ತೀರದ ಹರಿಹರವು ಹರಿಹರೇಶ್ವರನ ದೇವಾಲಯದಿಂದ ಹಿಂದಿನಿಂದಲೂ ಪ್ರಸಿದ್ಧವಾದ ಪಟ್ಟಣ. 1941ರಲ್ಲಿ ಅದು ಇನ್ನೊಂದು ಕಾರಣದಿಂದಲೂ ನಾಡಿನ ಗಮನವನ್ನು ಸೆಳೆಯಿತು. ಲೋಹವನ್ನು ಕಡೆದು ರೂಪಿಸುವ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಆ ವರ್ಷ ಅಲ್ಲಿ ಸ್ಥಾಪನೆಯಾಯಿತು. ಕಾರ್ಖಾನೆಯ ನೆಲೆಗೆ ಯಂತ್ರಾಪುರವೆಂಬ ಹೆಸರೇ ನಿಂತಿತು. ನೆರೆಯ ದಾವಣಗೆರೆ ಹತ್ತಿಯ ಗಿರಣಿಗಳಿಂದ ಹೆಸರಾದರೆ ಹರಿಹರ ಯಂತ್ರಗಳಿಂದ ಹೆಸರಾಯಿತು. ಈ ಉದ್ಯಮ ಪರಂಪರೆಯ ಮೂಲಪುರುಷರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾರಂಗತರು. ಮಗನ ಒಲವಾದರೋ ಚಿತ್ರಗಳ ಕಡೆಗೆ, ಯಂತ್ರಗಳ ಕಡೆಗೆ. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದ ತರುಣನಿಗೆ ಕೆಲವು ಬಣ್ಣಗಳ ಭೇದ ತನ್ನ ಕಣ್ಣಿಗೆ ತಿಳಿಯುವುದಿಲ್ಲವೆಂಬುದು ಅಲ್ಲಿಯೇ ಗೊತ್ತಾಯಿತು. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಅವರು ಧೃತಿಗೆಡದೆ ಬಣ್ಣದ ಅಗತ್ಯವಿಲ್ಲದ ಯಂತ್ರರೇಖಾಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಮರಳಿದರು. 1888ರಲ್ಲಿ ಆರಂಭವಾಗಿದ್ದ ಸೈಕಲ್ ಅಂಗಡಿಯನ್ನು ಅಲ್ಲಿ ಅಣ್ಣ ರಾಮಚಂದ್ರರಾಯರು ನಡೆಸುತ್ತಿದ್ದರು.

ಮೇವು ಕತ್ತರಿಸುವ ಯಂತ್ರದ ಬಳಿಕ ಸಹೋದರರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ಭಯಪಟ್ಟರು. ಆ ಭಯ ಕರಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ನಗರದ ವಿಸ್ತರಣೆಗಾಗಿ ಕಾರ್ಖಾನೆಯ ಸ್ಥಳವನ್ನೇ ಬಿಟ್ಟುಕೊಡಬೇಕಾಯಿತು. ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಗಳು ಬರಡು ಭೂಮಿಯನ್ನೂ ಸಾಲವನ್ನೂ ಕೊಟ್ಟು ಆದರಿಸಿದರು. ಕತ್ತಾಳೆ, ಪಾಪಾಸುಕಳ್ಳಿ ಬೆಳೆದಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆವಾಸ ಮುಗಿಸಿದವರಿಗೂ ಅಲ್ಲಿ ಕೆಲಸ ದೊರೆಯಿತು.

ಆ ಕಾಲದ ಕಾರ್ಖಾನೆಗಳಲ್ಲಿ ಒಂದೇ ಎಂಜಿನ್ನು ಮಾಡಿನ ಕೆಳಗಿನ ಉದ್ದನೆಯ ದಂಡವನ್ನು ತಿರುಗಿಸುತ್ತಿತ್ತು. ಅದರಿಂದ ಇಳಿದ ಚರ್ಮದ ಪಟ್ಟಿಗಳು ಯಂತ್ರಗಳನ್ನು ನಡೆಸುತ್ತಿದ್ದವು. ಪಟ್ಟಿ ಅಪಾಯಕರವೇ, ಆದರೆ ಕಣ್ಣಿಗೆ ಕಾಣುತ್ತಿತ್ತು. ವಿದ್ಯುತ್ತು ಬಂದ ಮೇಲೆ ಪ್ರತಿ ಲೇತಿಗೂ ಅದರದೇ ಮೋಟಾರು ಬಂದಿತು. ಲಕ್ಷ್ಮಣರಾಯರ ಮನೆತನವೇ 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆಯನ್ನು ಕಟ್ಟಿ ಮೋಟಾರುಗಳನ್ನು ತಯಾರಿಸತೊಡಗಿತು. ಪಟ್ಟಿಯ ಸ್ಥಾನವನ್ನು ತಂತಿ ಆಕ್ರಮಿಸಿತು. ಕಾಣುವ ಅಪಾಯ ಹೋಗಿ ಕಾಣದ ಅಪಾಯ ಬಂದಿತು. ಕಾರ್ಮಿಕನ ಪ್ರಾಣ ಗೋಡೆಯ ಮೇಲಿನ ವಿತರಣಾ ಪೆಟ್ಟಿಗೆಯನ್ನು ಅವಲಂಬಿಸಿತು.

ಈ ಪೆಟ್ಟಿಗೆಯಿಂದಲೇ ವಿದ್ಯುತ್ತು ಕವಲೊಡೆದು ಒಂದೊಂದು ಯಂತ್ರಕ್ಕೂ ಹರಿಯುತ್ತದೆ. ಮರದ ಹಲಗೆ ಬೆಂಕಿಗೆ ತುತ್ತಾಗುವುದರಿಂದ ಕಾರ್ಖಾನೆಗೆ ಲೋಹದ ಪೆಟ್ಟಿಗೆಯನ್ನು ಆರಿಸುವುದು ರೂಢಿ. ದಾವಣಗೆರೆಯಂತಹ ಊರಿನ ಹತ್ತಿ ಗಿರಣಿಯಲ್ಲಿ ಅರಳೆಯ ಸೂಕ್ಷ್ಮ ಎಳೆಗಳು ಸದಾ ಗಾಳಿಯಲ್ಲಿ ತೇಲುತ್ತವೆ. ಅವು ಒಳಸೇರಿದಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ಅಲ್ಲಿ ಧೂಳು ನುಗ್ಗದಂತೆ ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯೇ ಬೇಕು. ತಂತಿ ಒಳಹೋಗುವ ರಂಧ್ರದ ಅಂಚು ಹರಿತವಾಗಿದ್ದರೆ ಹೊದಿಕೆ ಹರಿಯುತ್ತದೆ. ರಬ್ಬರಿನ ಬಳೆಯನ್ನು ತೊಡಿಸಬೇಕು.

ಹೊದಿಕೆ ಹರಿದ ತಂತಿ ಲೋಹದ ಪೆಟ್ಟಿಗೆಗೆ ತಗುಲಿದರೆ ಪೆಟ್ಟಿಗೆಯೇ ಮೃತ್ಯುರೂಪವನ್ನು ತಾಳುತ್ತದೆ. ಇದಕ್ಕೆ ಪರಿಹಾರವಾಗಿ ಪೆಟ್ಟಿಗೆಯ ಮೈಗೂ ಮೋಟಾರಿನ ಮೈಗೂ ದಪ್ಪನೆಯ ತಂತಿಯನ್ನು ಕಟ್ಟಿ ಭೂಮಿಗೆ ಸೇರಿಸುತ್ತಾರೆ. ಸುಮಾರು 2.5 ಮೀಟರ್ ಉದ್ದದ, ಸತು ಲೇಪಿಸಿದ ಕಬ್ಬಿಣದ ಕೊಳವೆಯನ್ನು ನೆಲದಲ್ಲಿ ಹೂಳಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ತುಂಬಿ, ಬೇಸಗೆಯಲ್ಲಿ ನೀರೆರೆಯುವುದು ನಮ್ಮಲ್ಲಿನ ಪದ್ಧತಿ. ಯಾವ ಕಬ್ಬಿಣ ನೆಲಕ್ಕೆ ವಿಷವೆಂದು ರೈತರು ಅಂಜಿದರೋ ಆ ಕಬ್ಬಿಣವೇ ಇಲ್ಲಿ ಮನುಷ್ಯನಿಗೆ ತಗುಲಬಹುದಾದ ವಿಷವನ್ನು ನೆಲಕ್ಕೆ ಇಳಿಸುತ್ತದೆ. ತಪ್ಪು ದಾರಿ ಹಿಡಿದ ಪ್ರವಾಹ ಈ ತಂತಿಯಲ್ಲಿ ರಭಸದಿಂದ ಹರಿದಾಗ ಫ್ಯೂಸ್ ಕರಗಿ ವಿದ್ಯುತ್ತು ನಿಲ್ಲುತ್ತದೆ. ಕೆಲಸ ನಿಲ್ಲದಿರಲೆಂದು ಫ್ಯೂಸಿಗೆ ದಪ್ಪನೆಯ ತಂತಿಯನ್ನು ಸುತ್ತಿದವನು ಈ ರಕ್ಷಣೆಯನ್ನು ಕೆಡಿಸಿದಂತೆಯೇ. ಫ್ಯೂಸನ್ನು ಫೇಸ್ ತಂತಿಯಲ್ಲಿಯೇ ಇಡಬೇಕು. ನ್ಯೂಟ್ರಲ್ ತಂತಿಯಲ್ಲಿಟ್ಟರೆ ಅದು ಕರಗಿ ಯಂತ್ರ ನಿಂತರೂ ಒಳಗೆ ವಿದ್ಯುತ್ತು ಉಳಿದಿರುತ್ತದೆ. ಇಂದು ಫ್ಯೂಸಿಗೆ ಬದಲಾಗಿ ತಾನಾಗಿ ಬೀಳುವ ಸ್ವಿಚ್ಚುಗಳೂ, 30 ಮಿಲಿ ಆಂಪಿಯರಿನಷ್ಟು ಸೋರಿಕೆಯನ್ನೂ ಗುರುತಿಸಿ ಪ್ರವಾಹವನ್ನು ಕಡಿಯುವ ಸಾಧನಗಳೂ ಬಂದಿವೆ. ಆದರೂ ಭೂಸಂಪರ್ಕದ ಅಗತ್ಯ ತಪ್ಪಿಲ್ಲ.

ತಂತಿಗಳನ್ನು ಬಣ್ಣದಿಂದ ಗುರುತಿಸುವುದು ವಾಡಿಕೆ. ಕೆಂಪು, ಹಳದಿ, ನೀಲಿ ಮೂರು ಫೇಸ್‌ಗಳಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಭೂಮಿಗೆ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳು ಲೋಕದಲ್ಲಿ ಅನೇಕ. ಬಣ್ಣಗಳು ಕೈಕೊಟ್ಟ ಲಕ್ಷ್ಮಣರಾಯರ ಜೀವನ ಇಲ್ಲಿ ನೆನಪಿಗೆ ಬಾರದಿರದು. ಬಣ್ಣವೊಂದನ್ನೇ ನಂಬದೆ ತಂತಿಯ ತುದಿಗಳಿಗೆ ಅಂಕೆಗಳನ್ನು ತೊಡಿಸುವುದೂ, ಮೇನ್ ಸ್ವಿಚ್ಚನ್ನು ತೆಗೆದು ಬೀಗ ಹಾಕಿ ವಿದ್ಯುತ್ತು ಇಲ್ಲವೆಂದು ಪರೀಕ್ಷಿಸಿದ ಬಳಿಕವೇ ಕೈಯಿಡುವುದೂ ಬಲ್ಲವರ ಕ್ರಮ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಕಾರ್ಖಾನೆಯ ಸ್ಥಿರ ಮೋಟಾರಿನ ಮೈಯನ್ನು ಪರಸ್ಪರ ಬೇರೆಯಾದ ಎರಡು ತಂತಿಗಳಿಂದ ಭೂಮಿಗೆ ಸೇರಿಸಬೇಕೆಂದು ವಿಧಿಸಿದ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಬಂದುದೂ ಅದೇ ವರ್ಷ. ಒಂದು ತಂತಿ ತುಕ್ಕು ಹಿಡಿದು ತುಂಡಾದರೂ ಇನ್ನೊಂದು ಕಾಯಲೆಂಬುದು ಅದರ ಉದ್ದೇಶ. 1969ರಲ್ಲಿ ಅವರ ಜನ್ಮಶತಾಬ್ದಿಗೆ ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು. ಹರಿಹರದ ಆ ದೊಡ್ಡ ಕಾರ್ಖಾನೆ ಈಗ ಮುಚ್ಚಿದೆ. ಅಲ್ಲಿ ತಯಾರಾದ ಲೇತ್‌ಗಳು ಮಾತ್ರ ನಾಡಿನ ಸಣ್ಣಪುಟ್ಟ ಯಂತ್ರಶಾಲೆಗಳಲ್ಲಿ ಇನ್ನೂ ತಿರುಗುತ್ತಿವೆ.