ಆಟೋ ಮೇಲಿನ ಶಂಕರಣ್ಣ, ಟೀವಿಗೆ ಮಾಲ್ಗುಡಿ ತಂದ ಶಂಕರ್ ನಾಗ್

ದೊಡ್ಡಬಳ್ಳಾಪುರ: ನವೆಂಬರ್ ತಿಂಗಳು ಬಂತು ಅಂದ್ರೆ ನಮ್ಮ ಕಡೆ ಆಟೋ ಸ್ಟ್ಯಾಂಡ್‌ಗಳಲ್ಲಿ ಎರಡು ಹಬ್ಬ. ಒಂದು ಕನ್ನಡ ರಾಜ್ಯೋತ್ಸವ. ಇನ್ನೊಂದು 9ನೇ ತಾರೀಖು ಶಂಕರಣ್ಣನ ಹುಟ್ಟುಹಬ್ಬ. ಖಾಕಿ ಅಂಗಿ ಹಾಕಿದ ಶಂಕರ್ ನಾಗ್ ಫೋಟೋಗೆ ಹಾರ ಹಾಕಿ, ಬಾಡೂಟವೋ ಪಲಾವೋ ಹಂಚಿ, ಸಂಜೆಗೆ ಹಾಡು ಹಾಕೋದು ವಾಡಿಕೆ. ಆಟೋ ಹಿಂದೆ ಅವರ ಸ್ಟಿಕ್ಕರ್ ಅಂಟಿಸಿಕೊಂಡಿರುವ ಹುಡುಗರಲ್ಲಿ ಬಹಳಷ್ಟು ಜನ ಅವರು ತೀರಿಕೊಂಡ ಮೇಲೆ ಹುಟ್ಟಿದವರು. ಸತ್ತು 35 ವರ್ಷ ಆದ ಮನುಷ್ಯನನ್ನ ಕಣ್ಣಲ್ಲಿ ನೋಡದವರೂ ಹೀಗೆ ಇಟ್ಟುಕೊಂಡಿದ್ದಾರೆ ಅಂದ್ರೆ ಅದು ಸಣ್ಣ ಮಾತಲ್ಲ.

ಆದ್ರೆ ಸ್ಟ್ಯಾಂಡ್‌ಗಳಲ್ಲಿ ನೆನೆಯೋದು ಹೆಚ್ಚಾಗಿ 'ಆಟೋ ರಾಜ'ನನ್ನ, 'ಸಾಂಗ್ಲಿಯಾನ'ನನ್ನ. ಅವರು ಸರ್ಕಾರಿ ಟೀವಿಗೆ ಮಾಡಿಕೊಟ್ಟ ಒಂದು ಕೆಲಸ ಇದೆ. ಒಂದು ಸಣ್ಣ ಊರಿನ ಶಾಲೆ, ಪೋಸ್ಟಾಫೀಸು, ಮಿಠಾಯಿ ಅಂಗಡಿ ಇಟ್ಟುಕೊಂಡು ಇಡೀ ದೇಶವನ್ನ ಟೀವಿ ಮುಂದೆ ಕೂರಿಸಿದ ಕೆಲಸ ಅದು. ನಮ್ಮ ನಾಲ್ಕು ತಾಲ್ಲೂಕಿನವರು ಇವತ್ತು ತಿರುಗಿ ನೋಡಬೇಕಾದ್ದು ಆ ಕೆಲಸವನ್ನ.

ಮಲ್ಲಾಪುರದಿಂದ ಮುಂಬೈಗೆ

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಮನೆಮಾತು ಕೊಂಕಣಿ. ನಟ ಅನಂತ್ ನಾಗ್ ಅವರ ಒಡಹುಟ್ಟಿದ ತಮ್ಮ. ಓದು ಮುಗಿಸಿ ಮುಂಬೈಗೆ ಹೋದ ಶಂಕರ್‌ಗೆ ಅಲ್ಲಿ ಮರಾಠಿ ರಂಗಭೂಮಿಯ ರುಚಿ ಹತ್ತಿತು. ಆಮೇಲೆ ಅವರ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯ ಆಗಿದ್ದೂ ಅಲ್ಲೇ, ನಾಟಕದ ನಂಟಿನಲ್ಲೇ. ಮರಾಠಿಯಲ್ಲಿ ಹೆಸರು ಮಾಡಿದ '22 ಜೂನ್ 1897' ಚಿತ್ರದ ಬರವಣಿಗೆಯಲ್ಲೂ ಶಂಕರ್ ಕೈ ಇದೆ.

ಕನ್ನಡಕ್ಕೆ ಅವರನ್ನ ಕರೆತಂದಿದ್ದು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಹೊಟ್ಟೆಪಾಡಿಗೆ ಕತ್ತಿ ಹಿಡಿದ ಯೋಧನ ಪಾತ್ರ. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. 1979ಕ್ಕೆ 'ಸೀತಾರಾಮು', 1980ಕ್ಕೆ 'ಆಟೋ ರಾಜ'. ಅಲ್ಲಿಂದ ಅವರು ಜನರ ನಟ. ಅದೇ 1980ರಲ್ಲಿ 'ಮಿಂಚಿನ ಓಟ' ನಿರ್ದೇಶನ ಮಾಡಿದರು. ಆಗ ಅವರಿಗೆ ಇನ್ನೂ 25 ಚಿಲ್ಲರೆ ವಯಸ್ಸು. ಆಮೇಲೆ 'ಗೀತಾ', 'ಆಕ್ಸಿಡೆಂಟ್', ಡಾ. ರಾಜ್‌ಕುಮಾರ್ ಅವರ 'ಒಂದು ಮುತ್ತಿನ ಕಥೆ'. ಕುಡಿದು, ಮತ್ತಿನಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಜೀವ ತೆಗೆದ ದೊಡ್ಡವರ ಮಗನ ಕಥೆ 'ಆಕ್ಸಿಡೆಂಟ್'. ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಹನ್ನೆರಡು ವರ್ಷದಲ್ಲಿ 80ಕ್ಕೂ ಹೆಚ್ಚು ಚಿತ್ರ ಮಾಡಿದರೂ ನಾಟಕ ಬಿಡಲಿಲ್ಲ. ಅರುಂಧತಿ ಅವರ ಜೊತೆ ಸೇರಿ 'ಸಂಕೇತ್' ತಂಡ ಕಟ್ಟಿದರು. 'ಅಂಜುಮಲ್ಲಿಗೆ', 'ಸಂಧ್ಯಾಛಾಯಾ', 'ನಾಗಮಂಡಲ' ಈ ತಂಡದಿಂದ ರಂಗಕ್ಕೆ ಬಂದವು. ಬೆಳಗ್ಗೆ ಫೈಟ್ ಸೀನು, ರಾತ್ರಿ ನಾಟಕದ ತಾಲೀಮು ಅನ್ನೋ ತರ ಓಡಾಡಿದ ಮನುಷ್ಯ. ಡಬ್ಬಿಂಗು, ರೆಕಾರ್ಡಿಂಗಿಗೆ ಕನ್ನಡದವರು ಮದ್ರಾಸಿಗೆ ಹೋಗಿ ಕೈಕಟ್ಟಿ ಕಾಯೋದು ತಪ್ಪಲಿ ಅಂತ ಬೆಂಗಳೂರಲ್ಲೇ ಸಂಕೇತ್ ಹೆಸರಿನಲ್ಲಿ ಸ್ಟುಡಿಯೋ ಕಟ್ಟಿದರು.

ಒಂದೇ ಚಾನೆಲ್ ಇದ್ದ ಕಾಲ

ಈಗಿನ ಮಕ್ಕಳಿಗೆ ಹೇಳಿದರೆ ನಂಬಲ್ಲ. 1980ರ ದಶಕದಲ್ಲಿ ಟೀವಿ ಅಂದ್ರೆ ದೂರದರ್ಶನ ಒಂದೇ. ಊರಿಗೆ ಎರಡೋ ಮೂರೋ ಮನೆಯಲ್ಲಿ ಟೀವಿ. ಮಾಳಿಗೆ ಮೇಲೆ ಆಂಟೆನಾ. ಗಾಳಿ ಬೀಸಿದರೆ ಒಬ್ಬರು ಮೇಲೆ ಹತ್ತಿ ತಿರುಗಿಸೋದು, ಕೆಳಗಿಂದ ಇನ್ನೊಬ್ಬರು ಚಿತ್ರ ಬಂತೋ ಇಲ್ಲವೋ ಅಂತ ಕೂಗೋದು. ಟೀವಿ ಇದ್ದ ಮನೆ ಪಡಸಾಲೆ ಸಂಜೆಯಾದರೆ ಟೆಂಟು ಸಿನಿಮಾ ಇದ್ದಂಗೆ. ಧಾರಾವಾಹಿಗಳು ಬಹುಪಾಲು ಹಿಂದಿಯಲ್ಲಿ. ಅದರಲ್ಲಿ ಬರ್ತಿದ್ದ ಮನೆ, ಬೀದಿ, ಉಡುಗೆ, ಊಟ ಯಾವುದೂ ನಮ್ಮದಲ್ಲ.

ಅಂಥ ಟೀವಿಯಲ್ಲಿ 1986ರಲ್ಲಿ 'ಮಾಲ್ಗುಡಿ ಡೇಸ್' ಬಂತು. ಮೈಸೂರಿನಲ್ಲಿ ಬಾಳಿ ಬದುಕಿದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳು. ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶನ ಶಂಕರ್ ನಾಗ್. ನಾರಾಯಣ್ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದುಕೊಟ್ಟರು. ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತ ಇವತ್ತಿಗೂ ಎಷ್ಟೋ ಜನರ ಮೊಬೈಲ್ ರಿಂಗ್‌ಟೋನು.

ಮಾಲ್ಗುಡಿ ಅನ್ನೋ ಊರು ನಕ್ಷೆಯಲ್ಲಿ ಎಲ್ಲೂ ಇಲ್ಲ. ನಾರಾಯಣ್ ಕಲ್ಪಿಸಿಕೊಂಡ ಊರದು. ಇದಕ್ಕೂ ಮುಂಚೆ 1965ರಲ್ಲಿ ಅವರ 'ಗೈಡ್' ಕಾದಂಬರಿ ಹಿಂದಿ ಸಿನಿಮಾ ಆದಾಗ ಕಥೆಯನ್ನ ರಾಜಸ್ಥಾನಕ್ಕೆ ಎತ್ತಿಕೊಂಡು ಹೋಗಿದ್ರು. ಸಿನಿಮಾ ಗೆದ್ದಿತು, ಆದ್ರೆ ತನ್ನ ಊರೇ ಕಾಣೆಯಾಯ್ತು ಅನ್ನೋ ಬೇಸರ ನಾರಾಯಣ್‌ಗೆ ಉಳೀತು. ಶಂಕರ್ ಆ ದಾರಿ ಹಿಡಿಯಲಿಲ್ಲ. ಕಥೆ ಈ ನೆಲದ್ದು, ಊರೂ ಈ ನೆಲದ್ದೇ ಆಗಬೇಕು ಅಂತ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಆರಿಸಿಕೊಂಡರು. ಮಳೆಗೆ ಹೆಸರಾದ ಊರು, ಹೆಂಚಿನ ಮನೆಗಳು, ಒಂದು ಪೇಟೆ ಬೀದಿ. ಅಲ್ಲಿನ ದೊಡ್ಡಮನೆ ಕಥೆಯ ಮನೆಯಾಯ್ತು. ಕಲಾ ನಿರ್ದೇಶಕ ಜಾನ್ ದೇವರಾಜ್ ಆ ಬೀದಿಯನ್ನ ಬ್ರಿಟಿಷರ ಕಾಲದ ಮಾಲ್ಗುಡಿ ಮಾಡಿದರು, ಪ್ರತಿಮೆಯನ್ನೂ ನಿಲ್ಲಿಸಿದರು. ಕ್ಯಾಮೆರಾ ಹಿಡಿದಿದ್ದು ಎಸ್. ರಾಮಚಂದ್ರ. ಶಂಕರ್ ಜೊತೆಗೆ ನೆರಳಂತೆ ನಿಂತವರು ರಮೇಶ್ ಭಟ್.

ಕಥೆಯ ಹುಡುಗ ಸ್ವಾಮಿ ಆಗಿದ್ದು ಮಾಸ್ಟರ್ ಮಂಜುನಾಥ್. ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಕಥೆಯಲ್ಲಿ ಏನಿದೆ ಅಂತ ನೋಡಿದರೆ ದೊಡ್ಡ ಸಂಗತಿ ಏನೂ ಇಲ್ಲ. ಲೆಕ್ಕ ಬಾರದ ಹುಡುಗ, ಮೇಷ್ಟ್ರ ಬೆತ್ತ, ಪರೀಕ್ಷೆಯ ಭಯ, ಸ್ನೇಹಿತರ ಜಗಳ, ಸೇರಿ ಕಟ್ಟಿದ ಕ್ರಿಕೆಟ್ ತಂಡ, ಅಜ್ಜಿಯ ಮಡಿಲು. ಬೇರೆ ಕಂತುಗಳಲ್ಲಿ ಮದುವೆ ಮನೆಗೆ ತೊಂದರೆ ಆಗದಿರಲಿ ಅಂತ ಸಾವಿನ ಸುದ್ದಿಯ ಕಾಗದ ತಡೆಹಿಡಿದ ಪೋಸ್ಟ್‌ಮ್ಯಾನ್, ಮಗನ ಜೊತೆ ಮಾತು ಕೂಡಿಸಲಾಗದ ಮಿಠಾಯಿ ಅಂಗಡಿಯವನು. ನಮ್ಮ ಪೇಟೆ ಬೀದಿಯಲ್ಲಿ ಬೆಳಗ್ಗೆ ಶಟರ್ ಎತ್ತೋ ಯಾವ ಅಂಗಡಿಯವರಿಗಾದರೂ ಅರ್ಥ ಆಗೋ ಸಂಕಟ ಇವು.

ಶಂಕರ್ ನಿರ್ದೇಶನದಲ್ಲಿ ಒಟ್ಟು 39 ಕಂತು ಬಂದವು. ಭಾಷೆ ಹಿಂದಿ, ಚಾನೆಲ್ ದಿಲ್ಲಿಯದು. ಆದ್ರೆ ಜಗಲಿ ನಮ್ಮದು, ಪಂಚೆ ಉಟ್ಟ ರೀತಿ ನಮ್ಮದು, ನಟರಲ್ಲಿ ಬಹುಪಾಲು ಕನ್ನಡ ನಾಟಕದವರು. ದೇಶದ ಮೂಲೆಮೂಲೆಯ ಜನ ಸ್ವಾಮಿಯನ್ನ ತಮ್ಮ ಬೀದಿ ಹುಡುಗ ಅಂದುಕೊಂಡರು. ಒಂದು ಸಣ್ಣ ಊರಿನ ಶಾಲೆಯನ್ನ ಗಮನ ಇಟ್ಟು, ಪ್ರೀತಿಯಿಂದ ತೋರಿಸಿದರೆ ಜನ ನೋಡೇ ನೋಡ್ತಾರೆ ಅನ್ನೋದು ಆವತ್ತು ರುಜುವಾತಾಯ್ತು.

ನಮ್ಮ ಕಡೆಗೂ ಇದ್ದ ಕನಸು

ಶಂಕರ್ ತಲೆಯಲ್ಲಿ ಸಿನಿಮಾ ಒಂದೇ ಇರಲಿಲ್ಲ. ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ಬಡವರಿಗೆ ಕಡಿಮೆ ಖರ್ಚಿನಲ್ಲಿ ಬೇಗ ಕಟ್ಟೋ ಮನೆ ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು ಅಂತ ಯೋಜನೆ ಹಿಡಿದು ಸರ್ಕಾರದ ಬಾಗಿಲಿಗೆ ಹೋದವರು ಅವರು. ಆವಾಗ ಇದೆಲ್ಲ ಸಿನಿಮಾದವರ ಹುಚ್ಚು ಅನ್ನಿಸಿರಬಹುದು. ಮೆಟ್ರೋ 2011ರಲ್ಲಿ ಓಡಿತು, 2024ರಲ್ಲಿ ತುಮಕೂರು ರಸ್ತೆಯ ಮಾದಾವರಕ್ಕೂ ಬಂತು. ನೆಲಮಂಗಲದವರು ಈಗ ಅಲ್ಲಿಗೆ ಹೋಗಿ ರೈಲು ಹತ್ತಬಹುದು. ನಂದಿಬೆಟ್ಟದ ರೋಪ್‌ವೇ ಮಾತು ಸರ್ಕಾರ ಬದಲಾದಂಗೆಲ್ಲ ತಿರುಗಿ ಕೇಳಿಬರುತ್ತೆ. ಭಾನುವಾರ ಬೆಳಗ್ಗೆ ದೇವನಹಳ್ಳಿ ಕಡೆಯಿಂದ ಬೆಟ್ಟಕ್ಕೆ ಸಾಲುಗಟ್ಟೋ ಕಾರು, ಬೈಕು ನೋಡಿದವರಿಗೆ ಆ ಮನುಷ್ಯ ಎಷ್ಟು ಮುಂಚೆ ಯೋಚಿಸಿದ್ರು ಅಂತ ಗೊತ್ತಾಗುತ್ತೆ.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಲೋಕಾಪುರದ ಕಡೆ ಕಾರಿನಲ್ಲಿ ಹೊರಟಿದ್ದರು. ದಾವಣಗೆರೆ ಹತ್ತಿರದ ಆನಗೋಡು ಬಳಿ ಕಾರು ಲಾರಿಗೆ ಡಿಕ್ಕಿಯಾಯ್ತು. ಶಂಕರ್ ಉಳೀಲಿಲ್ಲ. ಜೊತೆಗಿದ್ದ ಹೆಂಡತಿ ತೀವ್ರ ಗಾಯಗೊಂಡರೂ ಬದುಕಿದರು, ಮಗಳೂ ಉಳಿದಳು. ವಯಸ್ಸು 36 ತುಂಬೋಕೆ ಇನ್ನೂ ನಲವತ್ತು ದಿನ ಇತ್ತು. ಆ ಹೆದ್ದಾರಿ ಬೇರೆ ಯಾವುದೂ ಅಲ್ಲ, ನಮ್ಮ ನೆಲಮಂಗಲ, ದಾಬಸ್‌ಪೇಟೆ ಮೇಲೆ ಹಾದುಹೋಗೋ ಪುಣೆ ರಸ್ತೆಯೇ. ಇವತ್ತಿಗೂ ಆ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸೋ ನಮ್ಮ ಚಾಲಕರು ನಿಂತ ಲಾರಿ ಕಂಡರೆ ಎದೆ ಮೇಲೆ ಕೈ ಇಟ್ಟುಕೊಳ್ತಾರೆ.

ಅರುಂಧತಿ ನಾಗ್ ಚೇತರಿಸಿಕೊಂಡು ಗಂಡನ ರಂಗಮಂದಿರದ ಕನಸು ಹಿಡಿದರು. ಊರೂರು ಕೇಳಿ, ದುಡ್ಡು ಕೂಡಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೀತು. ಮಾಲ್ಗುಡಿಯ ನೆನಪಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮ್ಯೂಸಿಯಂ ಆಯ್ತು. ಆಗುಂಬೆಯ ದೊಡ್ಡಮನೆ ನೋಡೋಕೆ ಈಗಲೂ ಜನ ಬರ್ತಾರೆ. ಒಂದು ಧಾರಾವಾಹಿ ಆ ಊರಿಗೆ ಇಷ್ಟು ವರ್ಷ ಹೆಸರು ಕೊಟ್ಟಿದೆ.

ನಮ್ಮೂರು ಟೀವಿಗೆ ಬರೋದು ಯಾವಾಗ?

ಈಗ ನಮ್ಮ ಜಿಲ್ಲೆಗೆ ಬರೋಣ. ಟೀವಿ ಚಾನೆಲ್ ಲೆಕ್ಕ ಇಡೋಕೆ ಆಗದಷ್ಟಿವೆ. ಬೆಂಗಳೂರು ಗ್ರಾಮಾಂತರ ಅದರಲ್ಲಿ ಕಾಣೋದು ಯಾವಾಗ? ಹೆದ್ದಾರಿಯಲ್ಲಿ ಅಪಘಾತ ಆದಾಗ, ಜಮೀನಿನ ಗಲಾಟೆ ಆದಾಗ, ಕೊಲೆ ಆದಾಗ, ಚುನಾವಣೆ ಬಂದಾಗ. ವಿಮಾನ ನಿಲ್ದಾಣದ ಸುದ್ದಿಯಲ್ಲಿ ದೇವನಹಳ್ಳಿ ಹೆಸರು ಬರುತ್ತೆ, ದೇವನಹಳ್ಳಿ ಬರಲ್ಲ.

ತೋರಿಸೋಕೆ ಏನಿಲ್ಲ ಅನ್ನೋ ಹಾಗೂ ಇಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ರಾಜಧಾನಿ ಆಗಿದ್ದ ಊರು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಅಗೆದಾಗ ಬೌದ್ಧರ ಚೈತ್ಯ, ವಿಹಾರದ ಕುರುಹು ಸಿಕ್ಕಿದೆ. ದೇವನಹಳ್ಳಿ ಕೋಟೆ ಇದೆ, ಚಕ್ಕೋತ ಇದೆ. ಹೊಸಕೋಟೆಯ ಅವಿಮುಕ್ತೇಶ್ವರ ಇದ್ದಾನೆ. ಶಿವಗಂಗೆ, ಘಾಟಿ ಸುಬ್ರಹ್ಮಣ್ಯ ಇವೆ. ದೊಡ್ಡಬಳ್ಳಾಪುರದ ಗಲ್ಲಿಗಳಲ್ಲಿ ಮಗ್ಗದ ಸದ್ದು ಇನ್ನೂ ನಿಂತಿಲ್ಲ, ಆದ್ರೆ ಮಗ್ಗ ಬಿಟ್ಟು ಕಾರ್ಖಾನೆ ಗೇಟಿಗೆ ಹೋಗೋ ಹುಡುಗರೂ ಹೆಚ್ಚುತ್ತಿದ್ದಾರೆ. ಊರಹಬ್ಬದಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡೋ ರೈತರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಮಟ್ಟು ಹೇಳಿಕೊಡೋ ಹಾರ್ಮೋನಿಯಂ ಮೇಷ್ಟ್ರುಗಳಿಗೆ ವಯಸ್ಸಾಗಿದೆ. ಅವರು ಹೋದರೆ ಆ ಮಟ್ಟುಗಳು ಜೊತೆಗೇ ಹೋಗುತ್ತವೆ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳೀತಾ ಇದೆ. ಮುಚ್ಚಿದ ಮೇಲೆ ಆ ಶಾಲೆಯಲ್ಲಿ ಯಾರು ಓದಿದ್ರು, ಯಾವ ಮೇಷ್ಟ್ರು ಇದ್ರು ಅಂತ ಹೇಳೋಕೆ ಒಂದು ಫೋಟೋನೂ ಉಳಿಯಲ್ಲ.

ಚಂದನದಂಥ ಸರ್ಕಾರಿ ವಾಹಿನಿ ಈ ಕೆಲಸಕ್ಕೇ ಇರೋದು. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಿಂದ ಅದೇ ವಾಹಿನಿಯಲ್ಲಿ ನಡೆದು ಬಂದಿದೆ. ಪುಸ್ತಕ ಬಹುಮಾನ ಕೊಡೋ ಕಾರ್ಯಕ್ರಮವನ್ನ ಜನ ಇಷ್ಟು ವರ್ಷ ಕೈಬಿಟ್ಟಿಲ್ಲ. ಓದು, ಕಲೆ, ಚರಿತ್ರೆ ಅಂದ್ರೆ ನೋಡೋರಿಲ್ಲ ಅನ್ನೋ ಮಾತಿಗೆ ಇದೇ ಉತ್ತರ. ಚಂದನದವರ ಕ್ಯಾಮೆರಾ ವಿಧಾನಸೌಧದಿಂದ ನಲವತ್ತು ಕಿಲೋಮೀಟರ್ ಈಚೆಗೆ ಇನ್ನಷ್ಟು ಬರಲಿ ಅಂತ ಕೇಳೋ ಹಕ್ಕು ನಮಗಿದೆ. ನಮ್ಮ ಶಾಸಕರು, ಪಂಚಾಯಿತಿಯವರು, ಸಂಘಸಂಸ್ಥೆಗಳು ಬರೆದು ಕೇಳಬೇಕು.

ಅದು ಬರೋವರೆಗೆ ಸುಮ್ಮನೆ ಕೂರೋದೂ ಬೇಡ. ಈ ನವೆಂಬರ್ 9ಕ್ಕೆ ಆಟೋ ಸಂಘದವರು ಹೇಗಿದ್ರೂ ಪೆಂಡಾಲ್ ಹಾಕ್ತಾರೆ, ಸ್ಪೀಕರ್ ತರ್ತಾರೆ. ಜೊತೆಗೆ ಒಂದು ಬಿಳಿ ಪರದೆ ಕಟ್ಟಿ, ಹತ್ತಿರದ ಸರ್ಕಾರಿ ಶಾಲೆ ಮಕ್ಕಳನ್ನ ಕರೆದು, ಸ್ವಾಮಿಯ ಒಂದು ಕಂತು ತೋರಿಸಬಹುದು. ಅದೇ ಸಂಜೆ ಊರಿನ ಹಿರಿಯ ನಾಟಕದ ಮೇಷ್ಟ್ರನ್ನೋ ನೇಕಾರರನ್ನೋ ಕೂರಿಸಿ ಅರ್ಧ ಗಂಟೆ ಮಾತಾಡಿಸಿ ಮೊಬೈಲ್‌ನಲ್ಲಿ ಹಿಡಿದಿಡಬಹುದು. ಖರ್ಚು ಹಾರಕ್ಕಿಂತ ಕಡಿಮೆ. ಅಂಗಡಿಯವರು ಮನಸ್ಸು ಮಾಡಿದರೆ ಮಕ್ಕಳಿಗೆ ಒಂದೊಂದು ಬನ್ನು, ಒಂದೊಂದು ಲೋಟ ಹಾಲು ಕೊಡೋದು ಕಷ್ಟವೇನಲ್ಲ.

ಶಂಕರ್ ನಾಗ್ ಆಗುಂಬೆಗೆ ಹೋದಾಗ ಅದು ಮಳೆ ಸುರಿಯೋ ಒಂದು ಘಟ್ಟದ ಊರು ಅಷ್ಟೇ. ಅಲ್ಲಿನ ಜಗಲಿ, ಶಾಲೆ, ಪೇಟೆ ನೋಡಿ ಇದರಲ್ಲಿ ಕಥೆ ಇದೆ ಅಂತ ಅವರಿಗೆ ಅನ್ನಿಸ್ತು. ಅಂಥ ಜಗಲಿ, ಶಾಲೆ, ಪೇಟೆ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಇವೆ.