ಮೈಕೆಲ್ ಫ್ಯಾರಡೆ (1791–1867) ಮತ್ತು ವಿದ್ಯುತ್ ಪರಿವರ್ತಕದ ತಿರುಳು

ಮಂಗಳೂರು ನಗರದ ರಸ್ತೆಬದಿಗಳಲ್ಲಿರುವ ವಿದ್ಯುತ್ ಪರಿವರ್ತಕಗಳು (ಟ್ರಾನ್ಸ್‌ಫಾರ್ಮರ್) 11,000 ವೋಲ್ಟ್‌ನ ವಿದ್ಯುತ್ತನ್ನು ಮನೆ ಹಾಗೂ ಅಂಗಡಿಗಳ ಬಳಕೆಗೆ ತಕ್ಕ ಒತ್ತಡಕ್ಕೆ ಇಳಿಸುತ್ತವೆ. ಈ ಉಪಕರಣದ ಮೂಲತತ್ತ್ವವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಮೈಕೆಲ್ ಫ್ಯಾರಡೆ. ಅವರ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಫ್ಯಾರಡೆಯವರು 1791ರ ಸೆಪ್ಟೆಂಬರ್ 22ರಂದು ಲಂಡನ್ ಸಮೀಪದ ನ್ಯೂಯಿಂಗ್ಟನ್‌ನಲ್ಲಿ ಬಡ ಕಮ್ಮಾರರೊಬ್ಬರ ಮಗನಾಗಿ ಜನಿಸಿದರು. ಓದು ಬರಹ, ಲೆಕ್ಕದ ಹೊರತು ಹೆಚ್ಚಿನ ಶಾಲಾ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ 7 ವರ್ಷ ದುಡಿಯುತ್ತ, ಕೈಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1813ರಲ್ಲಿ ಸರ್ ಹಂಫ್ರಿ ಡೇವಿಯವರ ಸಹಾಯಕರಾಗಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು.

ಉಕ್ಕಿನ ಅಧ್ಯಯನ

ದಕ್ಷಿಣ ಭಾರತದ ಕಮ್ಮಾರರು ತಯಾರಿಸುತ್ತಿದ್ದ ಉಕ್ಕು ಆಗ ಯುರೋಪಿನಲ್ಲಿ 'ವೂಟ್ಜ್' ಎಂದು ಹೆಸರಾಗಿತ್ತು. ಈ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಫ್ಯಾರಡೆಯವರು 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವೆಂದು ಅವರು ಭಾವಿಸಿದ್ದರು. ಇಂಗಾಲದ ಹೆಚ್ಚಿನ ಅಂಶವೇ ಮುಖ್ಯ ಕಾರಣವೆಂಬುದು ನಂತರ ಖಚಿತವಾಯಿತು.

ಕಬ್ಬಿಣದ ಉಂಗುರ

1831ರ ಆಗಸ್ಟ್ 29ರಂದು ಫ್ಯಾರಡೆಯವರು ಮೃದು ಕಬ್ಬಿಣದ ಉಂಗುರವೊಂದರ ಎರಡು ಪಾರ್ಶ್ವಗಳಿಗೆ ಪ್ರತ್ಯೇಕ ತಂತಿ ಸುರುಳಿಗಳನ್ನು ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದಾಗ ಹಾಗೂ ಬೇರ್ಪಡಿಸಿದಾಗ, ಇನ್ನೊಂದು ಸುರುಳಿಗೆ ಜೋಡಿಸಿದ ತಂತಿಯ ಬಳಿಯಿದ್ದ ಕಾಂತಸೂಜಿ ಅಲುಗಿತು. ಮರದ ದಿಮ್ಮಿಯ ಮೇಲೆ ಸುತ್ತಿದ ಸುರುಳಿಗಳಲ್ಲಿ ಈ ಪರಿಣಾಮ ಅತ್ಯಲ್ಪವಾಗಿತ್ತು. ಕಬ್ಬಿಣದ ತಿರುಳು ಅದನ್ನು ಬಹುಪಾಲು ಹೆಚ್ಚಿಸಿತು. ಫ್ಯಾರಡೆಯವರು 1867ರ ಆಗಸ್ಟ್ 25ರಂದು ನಿಧನರಾದರು.

ತಿರುಳಿನ ಲೋಹದ ಮಹತ್ವ

ಗಡಸು ಉಕ್ಕು ಪಡೆದ ಕಾಂತತ್ವವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದುದರಿಂದ ಅದು ಶಾಶ್ವತ ಅಯಸ್ಕಾಂತಕ್ಕೆ ಯೋಗ್ಯ. ನಮ್ಮ ವಿದ್ಯುತ್ ಪ್ರವಾಹವಾದರೋ ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಿರುತ್ತದೆ. ಪ್ರತಿ ಬಾರಿಯೂ ತಿರುಳಿನ ಕಾಂತತ್ವ ತಿರುಗಬೇಕಾಗಿದ್ದು, ಲೋಹ ಅದನ್ನು ತಡೆದಷ್ಟೂ ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ. ಕಬ್ಬಿಣಕ್ಕೆ ಸಿಲಿಕಾನ್ ಬೆರೆಸಿದರೆ ಈ ನಷ್ಟ ತಗ್ಗುವುದೆಂಬುದು 1900ರ ಸುಮಾರಿಗೆ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಸಂಗಡಿಗರ ಸಂಶೋಧನೆಯಿಂದ ತಿಳಿದುಬಂದಿತು. ಸಾಮಾನ್ಯವಾಗಿ ತಿರುಳಿನಲ್ಲಿ ಸುಮಾರು ಶೇ. 3ರಷ್ಟು ಸಿಲಿಕಾನ್ ಇರುತ್ತದೆ. ಲೋಹದೊಳಗೇ ಸುತ್ತುವ ಪ್ರವಾಹಗಳನ್ನು ತಡೆಯಲು, ಅದನ್ನು ಸುಮಾರು 0.3 ಮಿ.ಮೀ. ದಪ್ಪದ, ಪರಸ್ಪರ ನಿರೋಧಕ ಲೇಪವುಳ್ಳ ತಗಡುಗಳಿಂದ ಜೋಡಿಸಲಾಗುತ್ತದೆ.

ಗ್ರಾಹಕರ ಗಮನಕ್ಕೆ

ಯಾರೂ ವಿದ್ಯುತ್ ಬಳಸದ ಹೊತ್ತಿನಲ್ಲಿಯೂ, ಪರಿವರ್ತಕ ಚಾಲನೆಯಲ್ಲಿರುವವರೆಗೆ, ತಿರುಳಿನಲ್ಲಿನ ಈ ನಷ್ಟ ಹಗಲಿರುಳು ಮುಂದುವರಿಯುತ್ತದೆ. ಅಗತ್ಯಕ್ಕಿಂತ ದೊಡ್ಡ ಪರಿವರ್ತಕ ಅಳವಡಿಸಿದಲ್ಲಿ ನಷ್ಟ ಹೆಚ್ಚು. ಚಿಕ್ಕದಾದಲ್ಲಿ ಅದು ಮಿತಿಮೀರಿ ಬಿಸಿಯಾಗಿ ಹಾಳಾಗುವ ಸಂಭವವಿದೆ. ಆದ್ದರಿಂದ ಹೊಸ ಸಂಪರ್ಕ ಅಥವಾ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸುವವರು ತಮಗೆ ಬೇಕಾದ ವಿದ್ಯುತ್ ಹೊರೆಯನ್ನು ವಾಸ್ತವಕ್ಕೆ ಅನುಗುಣವಾಗಿ ನಮೂದಿಸುವುದು ಸೂಕ್ತ.