ವಿಯೆನ್ನಾಗೆ ಬೆಟ್ಟದ ನೀರು ತಂದ ಸ್ಯೂಸ್

ವಾಸಕ್ಕೆ ಒಳ್ಳೆಯ ನಗರಗಳ ಪಟ್ಟಿ ಬಂದಾಗಲೆಲ್ಲ ವಿಯೆನ್ನಾ ಹೆಸರು ಮೇಲಿನ ಸಾಲಿನಲ್ಲೇ ಇರುತ್ತೆ. ಯಾಕೆ ಅಂತ ಹುಡುಕುತ್ತಾ ಹೋದರೆ ನಮಗೆ ಸಿಗೋದು ಎಡ್ವರ್ಡ್ ಸ್ಯೂಸ್.

1831ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಯೂಸ್, ವಿಯೆನ್ನಾದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು. ದಕ್ಷಿಣದ ಪ್ರಾಚೀನ ಭೂಖಂಡಕ್ಕೆ ಗೊಂಡ್ವಾನಾಲ್ಯಾಂಡ್ ಅಂತ ಹೆಸರಿಟ್ಟವರೂ ಇವರೇ.

ಆಗ ವಿಯೆನ್ನಾದ ಎಷ್ಟೋ ಜನ ಬಾವಿ ನೀರನ್ನೇ ಕುಡೀತಿದ್ದರು. ಊರಿನ ಕೊಳಚೆ ಇಂಗಿ ಅದೇ ನೀರಿಗೆ ಸೇರುತ್ತಿತ್ತು. ಟೈಫಾಯ್ಡ್, ಕಾಲರಾಗೆ ಜನ ಸಾಯುತ್ತಿದ್ದರು. ನಗರದ ಅಡಿಯ ಮಣ್ಣು, ಅಂತರ್ಜಲವನ್ನು ಅಭ್ಯಾಸ ಮಾಡಿ ಸ್ಯೂಸ್ 1862ರಲ್ಲಿ ಪುಸ್ತಕ ಬರೆದರು. ಮರುವರ್ಷ ನಗರಸಭೆ ಸೇರಿದರು. ಡ್ಯಾನ್ಯೂಬ್ ಪಕ್ಕದಲ್ಲೇ ಇದ್ದರೂ ಆಲ್ಪ್ಸ್ ಬೆಟ್ಟದ ಬುಗ್ಗೆ ನೀರೇ ಆಗಬೇಕು ಅಂತ ಪಟ್ಟು ಹಿಡಿದರು. ದಾರಿ ಸುಮಾರು 95 ಕಿ.ಮೀ. ಪಂಪ್ ಇಲ್ಲ, ಬರೀ ಇಳಿಜಾರಿನ ಲೆಕ್ಕದಲ್ಲೇ ನೀರು ಹರಿದು ಬರಬೇಕು.

1873ರ ಅಕ್ಟೋಬರಿನಲ್ಲಿ ನೀರು ಬಂತು. ಮುಂದೆ ಟೈಫಾಯ್ಡ್ ಸಾವುಗಳು ಇಳಿದವು.

ಸ್ಯೂಸ್ 1914ರಲ್ಲಿ ತೀರಿಕೊಂಡರು. ಆ ಬುಗ್ಗೆಗಳ ನೀರನ್ನು ವಿಯೆನ್ನಾ ಜನ ಇವತ್ತಿಗೂ ನಲ್ಲಿಯಿಂದ ನೇರವಾಗಿ ಹಿಡಿದು ಕುಡೀತಾರೆ. ಮೆಟ್ರೋ, ಪಾರ್ಕು ಎಲ್ಲ ಬೇಕು, ಆದರೆ ಎಂಜಿನಿಯರ್ ಆಗಹೊರಟ ನಾವು ಮೊದಲು ನೋಡಬೇಕಾದ್ದು ಆ ನಲ್ಲಿಯನ್ನೇ.